ಟ್ಯಾಂಕ್ ಇದೆ, ಎತ್ತೆಲ್ಲಿ?

ಯುದ್ಧದ ಡಯೋರಾಮಾ ಒಂದನ್ನು ನೋಡಿ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳೋದಕ್ಕೆ ನಮ್ಮಲ್ಲಿ ಇನ್ನೂ ಸರಿಯಾದ ಮಾತು ಹುಟ್ಟಿಲ್ಲ. ಸಿನಿಮಾ ನೋಡಿ ಬಂದರೆ ಬೈಯಲಿಕ್ಕೆ ಹತ್ತು ಮಾತಿವೆ, ನಾಟಕ ನೋಡಿದರೆ ಇಪ್ಪತ್ತು. ಒಂದೂವರೆ ಅಡಿ ಹಲಗೆಯ ಮೇಲೆ ಬೆರಳುದ್ದದ ಸೈನಿಕರು, ಮುರಿದ ಗೋಡೆ, ಒಂದು ಟ್ಯಾಂಕು ಇಟ್ಟಿದ್ದನ್ನು ನೋಡಿದಾಗ ಮಾತ್ರ ಎಲ್ಲರೂ ಒಂದೇ ಮಾತು ಹೇಳ್ತಾರೆ: "ಅಬ್ಬಾ, ಎಷ್ಟು ತಾಳ್ಮೆ ಮಾರಾಯ್ರೆ!" ತಾಳ್ಮೆ ಒಳ್ಳೆಯದೇ. ಆದರೆ ಅದು ಮಾಡಿದವನ ಗುಣ. ಮಾಡಿದ ವಸ್ತುವಿನ ಗುಣ ಯಾವುದು ಅಂತ ಯಾರೂ ಕೇಳಲ್ಲ. ಆ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ಕೇಳೋಣ ಅಂತ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಈ ನಾಲ್ಕು ತಾಲ್ಲೂಕಿನಲ್ಲಿ ಈ ಹುಚ್ಚು ಹತ್ತಿದವರು ನನಗೆ ಗೊತ್ತಿರುವಂತೆ ಬೆರಳೆಣಿಕೆಯಷ್ಟು. ಅವರಲ್ಲಿ ಕೆ.ಆರ್. ನಗರದ ನನ್ನ ಗೆಳೆಯರೊಬ್ಬರ ಕೈ ಎಲ್ಲರಿಗಿಂತ ಪಳಗಿದ್ದು. ಅವರ ಅತ್ಯುತ್ತಮ ಕೆಲಸ ಅಂದರೆ ಜರ್ಮನ್ ಟೈಗರ್ ಟ್ಯಾಂಕು, ರಷ್ಯಾದ ಹಿಮದಲ್ಲಿ ಸಿಕ್ಕಿಬಿದ್ದದ್ದು. 1:35ರ ಅಳತೆ. ಅಂದರೆ ಐದು ಅಡಿ ಎಂಟು ಅಂಗುಲದ ಮನುಷ್ಯ ಇಲ್ಲಿ ಐದು ಸೆಂಟಿಮೀಟರ್‌ಗೆ ಇಳಿಯುತ್ತಾನೆ, ಎಂಟೂವರೆ ಮೀಟರಿನ ಟ್ಯಾಂಕು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು.

ಆ ಕೆಲಸವನ್ನು ನಾನು ಮೊದಲು ಹೊಗಳಲೇಬೇಕು. ಪ್ಲಾಸ್ಟಿಕ್ ಭಾಗಗಳ ಅಂಚು ಕೆರೆದು, ಅಂಟಿಸಿ, ಪ್ರೈಮರ್ ಹೊಡೆದು, ಮೂಲ ಬಣ್ಣ ಕೊಟ್ಟು, ಅದರ ಮೇಲೆ ನೀರಾಗಿ ಕಲಸಿದ ಕಡು ಕಂದು ಬಣ್ಣ ಹರಿಸಿದ್ದಾರೆ. ಆ ಬಣ್ಣ ಸಂದುಗೊಂದುಗಳಲ್ಲಿ ಹೋಗಿ ನಿಂತು ನೆರಳಿನ ಕೆಲಸ ಮಾಡುತ್ತದೆ. ಆಮೇಲೆ ಬ್ರಷ್ಷನ್ನು ಕಾಗದಕ್ಕೆ ಒರೆಸಿ ಒರೆಸಿ ಒಣಗಿಸಿ, ಉಳಿದ ಚೂರೇ ಚೂರು ತಿಳಿ ಬಣ್ಣವನ್ನು ಏಣುಗಳ ಮೇಲೆ ಸವರಿದ್ದಾರೆ. ಆಗ ಬೋಲ್ಟಿನ ತಲೆ, ಮುಚ್ಚಳದ ಅಂಚು ಎಲ್ಲ ಬೆಳಕಿಗೆ ಬರುತ್ತವೆ. ಹಿಮಕ್ಕೆ ಅಡುಗೆ ಸೋಡಾ ಹಾಕಿಲ್ಲ. ಹಾಕಿದರೆ ಕೆಲವು ವರ್ಷಕ್ಕೆ ಹಳದಿಗಟ್ಟುತ್ತದೆ ಅಂತ ಅವರಿಗೆ ಗೊತ್ತು. ಚೈನಿನ ಹಲ್ಲಿನಲ್ಲಿ ಸಿಕ್ಕ ಕೆಸರು ಕೂಡ ಒಣ ಕೆಸರು ಬೇರೆ, ಹಸಿ ಕೆಸರು ಬೇರೆ ಅಂತ ಕಾಣುತ್ತದೆ. ಬಣ್ಣದ ಕೆಲಸದಲ್ಲಿ ನಮ್ಮ ಜಿಲ್ಲೆಯಲ್ಲಿ ಇದನ್ನು ಮೀರಿಸಿದ್ದನ್ನು ನಾನು ನೋಡಿಲ್ಲ.

ಆದರೂ ಅದರ ಮುಂದೆ ಹತ್ತು ನಿಮಿಷ ನಿಂತರೆ ಏನೋ ಖಾಲಿ ಅನ್ನಿಸುತ್ತದೆ. ನಾಲ್ಕು ಸೈನಿಕರಿದ್ದಾರೆ, ನಾಲ್ವರೂ ಟ್ಯಾಂಕನ್ನೇ ನೋಡುತ್ತಿದ್ದಾರೆ. ನೋಡುವ ನಾವೂ ಟ್ಯಾಂಕನ್ನೇ ನೋಡುತ್ತೇವೆ. ಹಿಮ ಇದೆ, ಆದರೆ ಅದು ಯಾವ ಊರಿನ ಹಿಮ? ಹಿಂದಿನ ಮುರಿದ ಗೋಡೆ ಯಾರ ಮನೆಯದು? ಆ ಮನೆಯವರು ಎಲ್ಲಿ ಹೋದರು? ಟ್ಯಾಂಕಿಗೆ ತುಕ್ಕು ಹಿಡಿದಿದೆ, ಸೈನಿಕರಿಗೆ ಹಸಿವಾಗಿಲ್ಲ. ಡಯೋರಾಮಾ ಅಂದರೆ ಒಂದು ಕಥೆ ಹೇಳಬೇಕು ಅಂತ ಅಮೆರಿಕದ ಶೆಪರ್ಡ್ ಪೇಯ್ನ್ 1980ರ ತನ್ನ ಪುಸ್ತಕದಲ್ಲಿ ಮಾದರಿಗಾರರಿಗೆಲ್ಲ ಪಾಠ ಹೇಳಿದ್ದ. ಇಲ್ಲಿ ಕಥೆ ಇಷ್ಟೇ: ಟ್ಯಾಂಕು ಬಲು ಚೆಂದ.

ಇದು ಒಬ್ಬರ ಮೇಲಿನ ದೂರಲ್ಲ. ನಮ್ಮ ಶಾಲೆಗಳ ಕಾರ್ಗಿಲ್ ಮಾದರಿಗಳನ್ನೇ ನೋಡಿ. ಥರ್ಮೋಕೋಲ್ ಬೆಟ್ಟ, ಹತ್ತಿಯ ಹಿಮ, ತುದಿಯಲ್ಲಿ ಬಾವುಟ. ಮಕ್ಕಳು ಪ್ರೀತಿಯಿಂದಲೇ ಮಾಡಿರುತ್ತಾರೆ. ಆದರೆ ಬಾವುಟ ಇರುವ ಜಾಗ ಮಾತ್ರ ಅಲ್ಲಿ ಮುಖ್ಯ. ಬೆಟ್ಟದ ಕೆಳಗಿನಿಂದ ಮದ್ದುಗುಂಡು, ಅನ್ನ, ನೀರು ಹೊತ್ತು ರಾತ್ರಿಯೆಲ್ಲ ಹತ್ತಿದವರು ಆ ಹತ್ತಿಯ ಮೇಲೆ ಎಲ್ಲೂ ಇಲ್ಲ. ಯುದ್ಧವನ್ನು ಚಿಕ್ಕದು ಮಾಡಿದಾಗ ಮೊದಲು ಬಿದ್ದುಹೋಗುವುದು ಹೊರುವವರು.

ಈಗ ನಮ್ಮ ಮನೆಗಳದೇ ಹಳೆಯ ಡಯೋರಾಮಾ ಕಡೆ ಬನ್ನಿ. ದಸರಾ ಗೊಂಬೆ ಕೂರಿಸೋದು ಅಂತೀವಲ್ಲ, ಅದೇ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ಕೆಳಗೆ ಆನೆ, ಕುದುರೆ, ಬ್ಯಾಂಡಿನವರು, ಸಾಲಾಗಿ ಸಿಪಾಯಿಗಳು. ಪಕ್ಕದಲ್ಲಿ ತಟ್ಟೆಯಲ್ಲಿ ರಾಗಿ ಚೆಲ್ಲಿ, ನೀರು ಚಿಮುಕಿಸಿ, ಮೊಳಕೆ ಬರಿಸಿ ಮಾಡಿದ ಪಾರ್ಕು. ಮಾದರಿಗಾರರ ಲೆಕ್ಕದಲ್ಲಿ ಇದೆಲ್ಲ ತಪ್ಪು. ಆನೆಗಿಂತ ಸಿಪಾಯಿ ದೊಡ್ಡವನು, ರಾಣಿಯ ಮುಂದೆ ಅರಮನೆ ಚಿಕ್ಕದು, ಸಿಪಾಯಿಯ ಅಂಗಿಯಲ್ಲಿ ಒಂದು ಚೂರು ಧೂಳಿಲ್ಲ. ಆದರೆ ಅಲ್ಲಿ ಇನ್ನೊಂದು ಜೋಡಿ ಕೂತಿರುತ್ತದೆ, ಮರೆಯಬೇಡಿ. ಶೆಟ್ಟಿ, ಶೆಟ್ಟಮ್ಮ. ಮುಂದೆ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ಪುಟ್ಟ ಗುಡ್ಡೆ. ರಾಜ ಇದ್ದರೆ ಸೈನ್ಯ ಇರಬೇಕು, ಸೈನ್ಯ ಇದ್ದರೆ ಅಂಗಡಿ ಇರಬೇಕು. ನಮ್ಮ ಅಜ್ಜಿಯಂದಿರಿಗೆ ಈ ಲೆಕ್ಕ ಗೊತ್ತಿತ್ತು. 1:35ರ ನಿಖರತೆಯವರಿಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಶೆಟ್ಟಮ್ಮನ ಮುಂದಿನ ಆ ಬೇಳೆ ಗುಡ್ಡೆ, ಟೈಗರ್ ಟ್ಯಾಂಕಿನ ಎಲ್ಲ ಬೋಲ್ಟುಗಳಿಗಿಂತ ಯುದ್ಧದ ಬಗ್ಗೆ ಹೆಚ್ಚು ತಿಳಿದದ್ದು.

ಗೊಂಬೆ ಹಬ್ಬದ ಕೊರತೆ ಬೇರೆ ಕಡೆ ಇದೆ. ಅಲ್ಲಿ ಮೆರವಣಿಗೆ ಇದೆ, ಕಾಳಗ ಇಲ್ಲ. ಸಿಪಾಯಿ ನಡೆಯುತ್ತಾನೆ, ಬೀಳುವುದಿಲ್ಲ. ಬೀಳುವುದನ್ನು ನೋಡಬೇಕಾದರೆ ಶ್ರೀರಂಗಪಟ್ಟಣಕ್ಕೆ, ದರಿಯಾ ದೌಲತ್ ಬಾಗಿಗೆ ಹೋಗಬೇಕು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ದಳವನ್ನು ಹೈದರ್ ಮತ್ತು ಟಿಪ್ಪು ಮುರಿದದ್ದನ್ನು ಅಲ್ಲಿ ಗೋಡೆಯ ಮೇಲೆ ಬರೆದಿದ್ದಾರೆ. ನಡುವೆ ಇಂಗ್ಲಿಷರ ಚೌಕಾಕಾರದ ವ್ಯೂಹ, ಅದರೊಳಗೆ ಸ್ಫೋಟಿಸುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಚಪ್ಪಟೆ ಗೋಡೆಯಾದರೂ ಡಯೋರಾಮಾದ ಕೆಲಸವನ್ನು ಇದು ಪೂರ್ತಿ ಮಾಡುತ್ತದೆ. ಆ ಬಂಡಿ ಸಿಡಿಯುವ ಗಳಿಗೆಯನ್ನು ಆರಿಸಿಕೊಂಡದ್ದರಲ್ಲೇ ಚಿತ್ರಕಾರನ ಬುದ್ಧಿ ಇದೆ. ಬಂಡಿ ಸಿಡಿದರೆ ವ್ಯೂಹ ಮುರಿಯುತ್ತದೆ, ವ್ಯೂಹ ಮುರಿದರೆ ಯುದ್ಧ ಮುಗಿಯುತ್ತದೆ. ಮುಂದೇನಾಯಿತು ಅಂತ ಪಕ್ಕದಲ್ಲಿ ಬರೆದು ಹೇಳಬೇಕಿಲ್ಲ. ಅದು ಗೆದ್ದವರು ಬರೆಸಿದ ಚಿತ್ರ, ಸೋತವರ ಗಾಬರಿಯನ್ನು ಆಸೆಪಟ್ಟು ಬರೆಸಿದ್ದಾರೆ ಅನ್ನೋದೂ ನಿಜವೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೇ ದರಿಯಾ ದೌಲತ್‌ನಲ್ಲಿ ವಾಸ ಇದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು. ತನ್ನ ಕಡೆಯವರು ಸೋತ ಚಿತ್ರವನ್ನು ಗೋಡೆಯ ಮೇಲೆ ದಿನಾ ನೋಡುತ್ತಾ ಇದ್ದ. ಅದೇ ಮನುಷ್ಯನಿಗೆ ಸುಮಾರು ನಾಲ್ಕು ದಶಕದ ಮೇಲೆ ತಾನು ಗೆದ್ದ ಯುದ್ಧದ ಮಾದರಿ ಸರಿಬರಲಿಲ್ಲ. ಅದು ಕ್ಯಾಪ್ಟನ್ ವಿಲಿಯಂ ಸಿಬೋರ್ನ್ ಮಾಡಿದ ವಾಟರ್‌ಲೂ ಮಾದರಿ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂತು, ಈಗಲೂ ಅಲ್ಲಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಸಿಬೋರ್ನ್ ಮೊದಲು ಸೈನಿಕರನ್ನು ಮಾಡಲಿಲ್ಲ. ಯುದ್ಧಭೂಮಿಯ ತೋಟದ ಮನೆಯೊಂದರಲ್ಲಿ ಎಂಟು ತಿಂಗಳು ತಂಗಿ ನೆಲ ಅಳೆದ. ಒಂದು ಮೈಲಿಗೆ ಒಂಬತ್ತು ಅಡಿಯಂತೆ ಆ ನೆಲವನ್ನು ಕಟ್ಟಿದ. ಯುದ್ಧದಲ್ಲಿದ್ದ ಅಧಿಕಾರಿಗಳಿಗೆ ಕಾಗದ ಬರೆದು, "ಸಂಜೆ ಏಳು ಗಂಟೆಗೆ ನಿಮ್ಮ ದಳ ಎಲ್ಲಿತ್ತು?" ಅಂತ ಕೇಳಿದ. ಬಂದ ಉತ್ತರಗಳ ಪ್ರಕಾರ ತವರದ ಸೈನಿಕರನ್ನು ಸಾವಿರಗಟ್ಟಲೆ ನಿಲ್ಲಿಸಿದ. ತಕರಾರು ಬಂದದ್ದು ಅಲ್ಲಿ. ಸಹಾಯಕ್ಕೆ ಬಂದ ಪ್ರಷ್ಯನ್ ಸೈನ್ಯವನ್ನು ಅಷ್ಟು ಮುಂದೆ, ಅಷ್ಟು ದೊಡ್ಡದಾಗಿ ತೋರಿಸಿದರೆ ಗೆಲುವು ಯಾರದ್ದು ಅಂದ ಹಾಗಾಗುತ್ತೆ?

ಈ ಜಗಳದಿಂದ ನನಗೆ ಕಾಣೋದು ಇಷ್ಟು. ಗೊಂಬೆ ಎಷ್ಟು ಚೆನ್ನಾಗಿದೆ ಅಂತ ಯಾರೂ ಜಗಳ ಆಡಲಿಲ್ಲ. ಯಾರನ್ನು ಎಲ್ಲಿ ನಿಲ್ಲಿಸಿದೆ ಅಂತ ಆಡಿದರು. ಜಗಳಕ್ಕೆ ಯೋಗ್ಯವಾಗುವಷ್ಟು ನಿಜ ಆ ಹಲಗೆಯ ಮೇಲಿತ್ತು. ಡಯೋರಾಮಾ ವಿಮರ್ಶೆಗೆ ನಾನು ಇಡುವ ಅಳತೆಗೋಲೂ ಇದೇ: ನೆಲ ಯಾರದ್ದು, ಅದರ ಮೇಲೆ ಯಾರು ಎಲ್ಲಿ ನಿಂತಿದ್ದಾರೆ, ಯಾರನ್ನು ಬಿಟ್ಟಿದ್ದೀರಿ. ಬಣ್ಣದ ಮಾತು ಆಮೇಲೆ.

ಹಾಗಾದರೆ ನಮ್ಮ ನೆಲದ ಮೇಲೆ ಏನು ನಡೆದಿತ್ತು? ರಷ್ಯಾಕ್ಕೆ ಹೋಗೋದೇ ಬೇಡ, ಪಿರಿಯಾಪಟ್ಟಣದಿಂದ ಏಳು ಮೈಲಿ ಸಾಕು. ಕೊಡಗಿನ ಗಡಿಯಲ್ಲಿ, ಇಂಗ್ಲಿಷರ ಕಾಗದಗಳಲ್ಲಿ 'ಸೀದಾಸೀರ್' ಎಂದು ಬರುವ ಒಂದು ಗುಡ್ಡ. 1799ರ ಮಾರ್ಚ್. ಜನರಲ್ ಸ್ಟೂವರ್ಟನ ಬೊಂಬಾಯಿ ಸೈನ್ಯ ಕೊಡಗಿನ ಮೂಲಕ ಇಳಿದು ಬಂದಿತ್ತು. ಮದ್ರಾಸಿನಿಂದ ಬರುವ ಸೈನ್ಯದ ಸಂಕೇತ ಕಾಣುವ ಜಾಗ ಆ ಗುಡ್ಡ ಒಂದೇ ಅಂತ, ಮಾಂಟ್ರೆಸರ್ ಎಂಬುವನ ಕೈಕೆಳಗೆ ಮೂರು ಪಟಾಲಂ ಸಿಪಾಯಿಗಳನ್ನು ಅಲ್ಲಿಟ್ಟಿದ್ದರು. ಉಳಿದವರು ಮೈಲಿಗಟ್ಟಲೆ ಹಿಂದೆ. ಮಾರ್ಚ್ 5ರಂದು ಗುಡ್ಡದ ಮೇಲಿನವರಿಗೆ ಪಿರಿಯಾಪಟ್ಟಣದ ಕಡೆ ಡೇರೆಗಳು ಏಳುವುದು ಕಂಡಿತು, ನಡುವೆ ಒಂದು ದೊಡ್ಡ ಹಸಿರು ಡೇರೆ. ಅದು ಟಿಪ್ಪುವಿನದು ಅಂತ ಖಾತ್ರಿ ಆಗೋದರೊಳಗೆ 6ನೇ ತಾರೀಖು ಬೆಳಿಗ್ಗೆ ಒಂಬತ್ತು, ಹತ್ತು ಗಂಟೆ ಹೊತ್ತಿಗೆ ಮೈಸೂರಿನ ಸೈನ್ಯ ಕಾಡಿನೊಳಗಿಂದ ಸದ್ದಿಲ್ಲದೆ ಬಂದು ಮುಂದೆ ಹಿಂದೆ ಎರಡೂ ಕಡೆ ಬಿತ್ತು. ಮಧ್ಯಾಹ್ನ ಸ್ಟೂವರ್ಟ್ ಸಹಾಯಕ್ಕೆ ಬರೋ ತನಕ ಆ ಸಿಪಾಯಿಗಳು ಸುತ್ತುವರಿದ ಸ್ಥಿತಿಯಲ್ಲೇ ಕಾದಾಡಿದರು. ಟಿಪ್ಪು ಪಿರಿಯಾಪಟ್ಟಣಕ್ಕೆ ಹಿಂದಿರುಗಿದ. ಎರಡು ತಿಂಗಳಲ್ಲಿ, ಮೇ 4ಕ್ಕೆ, ಶ್ರೀರಂಗಪಟ್ಟಣವೇ ಬಿತ್ತು.

ಇದನ್ನು ಮಾದರಿಗಾರನ ಕಣ್ಣಿನಿಂದ ನೋಡಿ. ಕಾಡು ಇದೆ, ಕಾಯುವಿಕೆ ಇದೆ, ದೂರದ ಒಂದು ಹಸಿರು ಚುಕ್ಕೆ ಇದೆ. ಕೊಡಗಿನ ಅರಸ ವೀರರಾಜೇಂದ್ರನೇ ಇಂಗ್ಲಿಷರ ಜೊತೆ ಹಾಜರಿದ್ದ. ಈ ಕಡೆಯ ಕೆಂಪಂಗಿಯೂ ಆ ಕಡೆಯ ಹುಲಿಪಟ್ಟೆ ಅಂಗಿಯೂ ತೊಟ್ಟಿದ್ದವರು ಬಹುಪಾಲು ನಮ್ಮ ದೇಶದ ರೈತರ ಮಕ್ಕಳೇ. ಇಂಥ ದೃಶ್ಯ ಕೈಯಳತೆಯಲ್ಲಿ ಇಟ್ಟುಕೊಂಡು ನಾವು ಜರ್ಮನಿಯ ಟ್ಯಾಂಕಿಗೆ ಕೆಸರು ಬಳಿಯುತ್ತಾ ಕೂತಿದ್ದೇವೆ.

ಇದನ್ನೇ ಆ ಗೆಳೆಯರ ಹತ್ತಿರ ಹೇಳಿದೆ. ಅವರು ಬ್ರಷ್ ತೊಳೆಯುತ್ತಾ ನಕ್ಕರು. "ಮೇಷ್ಟ್ರೇ, ಟೈಗರ್ ಟ್ಯಾಂಕ್ ಮಡಗಿದ್ರೆ ಯಾರೂ ಜಗಳಕ್ಕೆ ಬರಾಕಿಲ್ಲ. ಟಿಪ್ಪೂನ ಮಡಗಿ ನೋಡವ. ಈ ಕಡೆಯೋರೂ ಬತ್ತಾರೆ, ಆ ಕಡೆಯೋರೂ ಬತ್ತಾರೆ. ನಾನು ಡ್ಯೂಟಿ ಮುಗಿಸ್ಕಂಡು ಬಂದು ಎರಡು ಗಂಟೆ ನೆಮ್ಮದಿಯಾಗಿರಾಕೆ ಇದ್ನ ಮಾಡೋದು."

ಈ ಮಾತನ್ನು ತಳ್ಳಿಹಾಕುವಂತಿಲ್ಲ. ನೆಮ್ಮದಿಗಾಗಿ ಮಾಡುವ ಕೆಲಸಕ್ಕೆ ಇತಿಹಾಸದ ಮೂಟೆ ಹೊರಿಸೋದು ಅನ್ಯಾಯವೇ. ಟಿಪ್ಪು ಅಂದರೆ ಕೊಡಗಿನ ಮನೆಗಳಲ್ಲಿ ಒಂದು ನೆನಪು, ಶ್ರೀರಂಗಪಟ್ಟಣದ ಬೀದಿಯಲ್ಲಿ ಇನ್ನೊಂದು ನೆನಪು, ಅದು ಎಲ್ಲರಿಗೂ ಗೊತ್ತು. ಆದರೆ ಅವರ ಮಾತಿನಲ್ಲೇ ಒಂದು ಸತ್ಯ ಹೊರಬಂತು. ಟೈಗರ್ ಟ್ಯಾಂಕು ನೆಮ್ಮದಿ ಕೊಡೋದು ಯಾಕೆ? ಅದರ ಕೆಳಗೆ ಸತ್ತವರು ನಮ್ಮವರಲ್ಲ. ರಷ್ಯಾದ ಹಳ್ಳಿಯವನೊಬ್ಬ ಅದೇ ಹಲಗೆಯನ್ನು ನೋಡಿದರೆ ಅವನಿಗೆ ನೆಮ್ಮದಿ ಆಗುತ್ತದೆಯೇ? ದೂರದ ಯುದ್ಧವನ್ನು ಬೊಂಬೆಯಾಗಿ ನೋಡಿ ಅಭ್ಯಾಸವಾದ ಕಣ್ಣಿಗೆ ಹತ್ತಿರದ ಯುದ್ಧವೂ ಬೊಂಬೆಯಾಗಿಯೇ ಕಾಣುತ್ತದೆ, ಟೀವಿಯಲ್ಲಿ ಬಂದಾಗಲೂ. ನನಗೆ ಹೆದರಿಕೆ ಇರುವುದು ಅಲ್ಲಿ.

ಇನ್ನು ಜಗಳದ ವಿಷಯ. ತೀರ್ಪು ಕೊಡಲಿಕ್ಕೆ ಭಾಷಣ ಬೇಕು, ಪುಸ್ತಕ ಬೇಕು. ಹಲಗೆಯ ಮೇಲೆ ತೀರ್ಪು ಕೊಡಬೇಕಾಗಿಲ್ಲ, ನಿಲ್ಲಿಸಿದರೆ ಸಾಕು. ನನ್ನ ಕೇಳಿದರೆ ಸೀದಾಸೀರ್ ಡಯೋರಾಮಾದಲ್ಲಿ ಟಿಪ್ಪುವನ್ನೂ ತೋರಿಸಬೇಡಿ, ಸ್ಟೂವರ್ಟನನ್ನೂ ತೋರಿಸಬೇಡಿ. 5ನೇ ತಾರೀಖಿನ ಸಂಜೆ ಮಾಡಿ. ಗುಂಡು ಇನ್ನೂ ಹಾರಿಲ್ಲ. ಗುಡ್ಡದ ತುದಿಯಲ್ಲಿ ಇಬ್ಬರು ಕಾವಲಿನವರು. ಕೆಳಗೆ ಒಲೆಯ ಹೊಗೆ. ನಡುವೆ ಎತ್ತುಗಳು.

ಎತ್ತುಗಳು ಬೇಕೇ ಬೇಕು. ಈ ಸೀಮೆಯ ಯುದ್ಧಗಳನ್ನು ತೀರ್ಮಾನ ಮಾಡಿದ್ದು ಅವು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಗೆದ್ದೂ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲಾಗದೆ ಹಿಂದೆ ಸರಿದ. ಎತ್ತುಗಳು ಮೇವಿಲ್ಲದೆ ಸತ್ತು, ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ, ಅವನ್ನು ಕನ್ನಂಬಾಡಿಯ ಬಳಿ ತಾನೇ ಒಡೆದು ಹಾಕಿ ಹೋದ. ಅವನನ್ನು ಸೇರಲು ಮಲಬಾರಿನಿಂದ ಪಿರಿಯಾಪಟ್ಟಣದವರೆಗೂ ಬಂದಿದ್ದ ಅಬರ್‌ಕ್ರೋಂಬಿಯೂ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸಾಗಬೇಕಾಯಿತು. ಚಿಕ್ಕದೇವರಾಜರ ಕಾಲದ ಬೆಣ್ಣೆ ಚಾವಡಿ, ಟಿಪ್ಪು ಇಟ್ಟ ಹೆಸರಿನಲ್ಲಿ ಅಮೃತಮಹಲ್, ಆ ದನಗಳ ಇಲಾಖೆಯನ್ನು ಇಂಗ್ಲಿಷರು ಬಿಡದೆ ಹಿಡಿದುಕೊಂಡದ್ದು ಸುಮ್ಮನೆ ಅಲ್ಲ. ಅದರ ಕೇಂದ್ರವಾದದ್ದು ನಮ್ಮ ಹುಣಸೂರು. 19ನೇ ಶತಮಾನದಲ್ಲಿ ಇಲ್ಲಿ ಸೈನ್ಯಕ್ಕೆ ಬೂಟು, ತೊಗಲು ಚೀಲ, ಕಂಬಳಿ ಆಗುತ್ತಿದ್ದವು. ಕಾರ್ಖಾನೆ ಮುಚ್ಚಿದ ಮೇಲೂ ಆ ಕೈಕೆಲಸ ಊರಿನಲ್ಲಿ ಉಳಿಯಿತು, ಇಲ್ಲಿನ ಗಾಡಿಗಳಿಗೆ ಹೆಸರಿತ್ತು. ಈ ಊರು ಯಾವ ಯುದ್ಧವನ್ನೂ ಗೆಲ್ಲಲಿಲ್ಲ. ಯುದ್ಧಗಳಿಗೆ ಕಾಲು, ಹೆಗಲು ಕೊಟ್ಟಿತು. ಅದಕ್ಕೇ ಇರಬೇಕು, ಇದರ ಸ್ಮಾರಕ ಇಲ್ಲ.

ಕೆಲಸದ ಮಾತಿಗೆ ಬರ್ತೀನಿ. ಪೆಟ್ಟಿಗೆಯಲ್ಲಿ ಬರುವ ವಿದೇಶಿ ಎತ್ತಿಗೆ ಹಿಣಿಲು ಇರಲ್ಲ, ಗಂಗೆದೊಗಲೂ ಇರಲ್ಲ. ಆದ್ದರಿಂದ ತಂತಿ ಬಗ್ಗಿಸಿ, ಮೇಲೆ ಎಂ-ಸೀಲ್ ಹಾಕಿ ನಾವೇ ಮಾಡಬೇಕು. ಅಮೃತಮಹಲ್‌ನ ಕೊಂಬು ಹಿಂದಕ್ಕೆ ಬಾಗಿ ಮೇಲೇರಿ ತುದಿಯಲ್ಲಿ ಚೂಪಾಗುತ್ತದೆ. ಮೈ ಬೂದು, ಕತ್ತು ಮತ್ತು ಹಿಣಿಲಿನ ಹತ್ತಿರ ಗಾಢ. ಬರೀ ಕಪ್ಪು ಬಿಳುಪು ಬೆರೆಸಿದರೆ ಅದು ಸಿಮೆಂಟಿನ ಎತ್ತಾಗುತ್ತದೆ. ಒಂದು ಹನಿ ಕಂದು ಬೇಕು. ಸಿಪಾಯಿಯ ಕೆಂಪಂಗಿಗೆ ಡಬ್ಬಿಯ ಕೆಂಪನ್ನೇ ಹಚ್ಚಬೇಡಿ, ಸ್ವಲ್ಪ ಬಿಸ್ಕೆಟ್ ಬಣ್ಣ ಬೆರೆಸಿ. ಆಕಾರ ಚಿಕ್ಕದಾದಂತೆ ಬಣ್ಣವೂ ತಿಳಿಯಾಗಬೇಕು, ಇಲ್ಲದಿದ್ದರೆ ಆಟಿಕೆಯಂತೆ ಕಾಣುತ್ತದೆ. ನೆಲಕ್ಕೆ ಹೊಲದ ಕೆಂಪು ಮಣ್ಣನ್ನೇ ಜರಡಿ ಹಿಡಿಯಿರಿ, ಆದರೆ ಮೊದಲು ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಹಸಿ ಮಣ್ಣು ಹಾಕಿದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತೆ. ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಸೇರಿಸಿದರೆ ಮಣ್ಣು ಕದಡದೆ ಹೀರಿಕೊಳ್ಳುತ್ತದೆ. ಮಾರ್ಚ್ ತಿಂಗಳು ಅನ್ನೋದು ಮರೆಯಬೇಡಿ: ಎಲೆ ಉದುರಿದ ಕಾಡು, ಒಣ ಬಿದಿರು, ಅಲ್ಲೊಂದು ಇಲ್ಲೊಂದು ಮುತ್ತುಗದ ಕೆಂಪು. ಕುದಿಸಿ ಒಣಗಿಸಿದ ಟೀ ಪುಡಿಗಿಂತ ಒಳ್ಳೆಯ ತರಗೆಲೆ ಎಲ್ಲೂ ಸಿಗಲ್ಲ. ಬಿದಿರಿಗೆ ಕಡ್ಡಿಪೊರಕೆ ಸಾಕು.

ಕಷ್ಟ ಇರೋದು ದೂರದ್ದು. 1:72ರ ಅಳತೆಯಲ್ಲಿ, ಮನುಷ್ಯ ಎರಡೂವರೆ ಸೆಂಟಿಮೀಟರಿಗಿಂತ ಕಮ್ಮಿ ಇರುವಾಗಲೂ, ಗುಡ್ಡದಿಂದ ಪಿರಿಯಾಪಟ್ಟಣದ ಏಳು ಮೈಲಿ ಸುಮಾರು 156 ಮೀಟರ್ ಆಗುತ್ತದೆ. ಅದಕ್ಕೆ ಒಂದು ಬೀದಿಯೇ ಬೇಕು. ಹಾಗಾಗಿ ಇಲ್ಲಿ ನಿಖರತೆಯನ್ನು ಬಿಟ್ಟು ಗೊಂಬೆ ಹಬ್ಬದ ಬುದ್ಧಿ ಉಪಯೋಗಿಸಬೇಕು. ಮುಂದಿನದು ದೊಡ್ಡದು, ಹಿಂದಿನದು ಚಿಕ್ಕದು. ಎತ್ತು ಬೆರಳಷ್ಟು, ಮರ ಹಿಂದೆ ಹೋದಂತೆ ಗಿಡ, ಗಿಡ ಹೋಗಿ ಹಸಿರು ಪುಡಿ, ತೀರಾ ಕೊನೆಯಲ್ಲಿ ರಾಗಿ ಕಾಳಿನಷ್ಟು ಡೇರೆ. ಅದನ್ನು ಹುಡುಕಬೇಕಾದರೆ ನೋಡುವವನು ಬಗ್ಗಿ, ಕಾವಲಿನವನ ಭುಜದ ಹಿಂದಿನಿಂದಲೇ ನೋಡಬೇಕು. ಆ ಗಳಿಗೆಯಲ್ಲಿ ಅವನು ಯಾವ ಕಡೆಯವನು ಅಂತ ಕೇಳಿದರೆ ತಕ್ಷಣ ಉತ್ತರ ಬರಲಿಕ್ಕಿಲ್ಲ. ಹತ್ತಿರದಲ್ಲಿ ಮೂಗುದಾರ ಬಿಚ್ಚಿಸಿಕೊಂಡ ಎತ್ತೊಂದು ಮೇಯುತ್ತಿರುತ್ತದೆ, ಬೆಳಿಗ್ಗೆ ಏನಾಗುತ್ತೆ ಅಂತ ಅದಕ್ಕೂ ಗೊತ್ತಿಲ್ಲ.